ಬಣ್ಣಕ್ಕಿಂತ ಮೊದಲು ಸ್ಟೀರಿಂಗ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳನ್ನು ಮತ್ತೆ ರಸ್ತೆಗೆ ತರುವವರ ಬಗ್ಗೆ ಪತ್ರಿಕೆಗಳಲ್ಲಿ ಒಳ್ಳೊಳ್ಳೆಯ ಬರಹಗಳು ಬರುತ್ತಿವೆ. ಬಣ್ಣ, ಕ್ರೋಮ್, ಸೀಟಿನ ಹೊದಿಕೆ, ಎಂಜಿನ್ನಿನ ಸದ್ದು ಎಲ್ಲದಕ್ಕೂ ಅಲ್ಲಿ ಜಾಗ ಸಿಗುತ್ತದೆ. ಸ್ಟೀರಿಂಗ್ ಬಗ್ಗೆ ಮಾತ್ರ ಒಂದು ಸಾಲೂ ಕಾಣುವುದಿಲ್ಲ. ನಾವು ಕೆಲವರು ಈ ಕೆಲಸದಲ್ಲೇ ಇರುವವರು. ಈ ಒಂದು ವಿಷಯವನ್ನು ಸ್ವಲ್ಪ ವಿವರವಾಗಿಯೇ ಓದುಗರ ಮುಂದಿಡಬೇಕೆಂದು ಈ ಪತ್ರ.

ಐವತ್ತು ವರ್ಷ ದಾಟಿದ ಕಾರಿನ ಸ್ಟೀರಿಂಗ್‌ನಲ್ಲಿ ಎಲ್ಲ ಭಾಗಗಳೂ ಒಂದೇ ಕಾರಿನವು ಆಗಿರುವುದು ಅಪರೂಪ. ಒಂದು ಕಾಲಕ್ಕೆ ಹೊಸ ಭಾಗ ಸಿಗುವುದು ನಿಂತಿತು. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ ಹೀಗೆ ಎಲ್ಲಿ ಏನು ಸಿಕ್ಕಿತೋ ಅದನ್ನು ತಂದು, ಕೂರದಿದ್ದರೆ ಲೇತ್‌ಗೆ ಕೊಟ್ಟು ಕೂರಿಸಿಕೊಂಡು ಓಡಿಸಿದ್ದಾರೆ. ಕಾರು ಓಡಬೇಕಿತ್ತು, ಬೇರೆ ದಾರಿ ಇರಲಿಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಕಾರ್ಬುರೇಟರಿಗೆ ತಪ್ಪು ಜೆಟ್ ಹಾಕಿದರೆ ಎಂಜಿನ್ ಅದೇ ದಿನ ಕೆಮ್ಮಿ ಹೇಳುತ್ತದೆ. ತಪ್ಪು ಬಾಲ್ ಜಾಯಿಂಟ್ (ಗುಂಡು ತಲೆಯ ಕೀಲು) ಸಾವಿರಾರು ಕಿಲೋಮೀಟರ್ ಸುಮ್ಮನಿದ್ದು, ಒಂದು ದಿನ ಗುಂಡಿಗೆ ಇಳಿದಾಗ ಬಿಟ್ಟುಕೊಡುತ್ತದೆ. ಹಾಗಾಗಿ ಬಣ್ಣದ ಅಂಗಡಿಗೆ ಕಳಿಸುವ ಮೊದಲೇ ಸ್ಟೀರಿಂಗ್ ಪೂರ್ತಿ ಬಿಚ್ಚಬೇಕು, ಪ್ರತಿ ಭಾಗವೂ ತನ್ನ ಪಕ್ಕದ ಭಾಗಕ್ಕೆ ನಿಜವಾಗಿ ಸೇರಿದ್ದೇ ಎಂದು ಅಳೆದು ನೋಡಬೇಕು.

ಉದಾಹರಣೆಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ತೆಗೆದುಕೊಳ್ಳೋಣ. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಅನ್ನೇ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಇಲ್ಲಿ ತಯಾರಿಸಿತು. ನಾಲ್ಕು ಬಾಗಿಲಿನ ಹೆರಾಲ್ಡ್ ಬಂದದ್ದೂ ಇಲ್ಲೇ. ಮದರಾಸಿನ ಕಾರಾದ್ದರಿಂದ ನಮ್ಮ ಕಡೆಯ ಊರುಗಳಲ್ಲೂ ಸಾಕಷ್ಟು ಓಡಿತು. ಸುಮಾರು 25 ಅಡಿ ವ್ಯಾಸದಲ್ಲಿ, ಅಂದರೆ ಏಳೂವರೆ ಮೀಟರಿನಷ್ಟು ಜಾಗದಲ್ಲಿ ಪೂರ್ತಿ ತಿರುಗುವ ಕಾರು ಇದು. ಅಷ್ಟು ತಿರುಗಬೇಕೆಂದರೆ ಮುಂದಿನ ಚಕ್ರಗಳು ಬಹಳ ಹೊರಳಬೇಕು. ಆ ಹೊರಳುವಿಕೆಯ ಕೆಳಗಿನ ಕೀಲೇ ಟ್ರನಿಯನ್.

ಚಕ್ರವನ್ನು ಹಿಡಿದಿರುವ ನಿಂತ ಉಕ್ಕಿನ ತುಂಡು ವರ್ಟಿಕಲ್ ಲಿಂಕ್. ಅದರ ಕೆಳತುದಿಯಲ್ಲಿ ದಪ್ಪ ಥ್ರೆಡ್ ಇದೆ. ಅದು ಹಿತ್ತಾಳೆ ಬಣ್ಣದ ಟ್ರನಿಯನ್ ಒಳಗೆ ತಿರುಚಿ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಲಿಂಕ್ ಆ ಥ್ರೆಡ್‌ನಲ್ಲೇ ಹೊರಳುತ್ತದೆ. ಸ್ಪ್ರಿಂಗ್ ಚಕ್ರವನ್ನು ಚಾಸಿಗೆ ಸೇರಿಸುವ ಕೆಳಗಿನ ತೋಳಾದ ವಿಶ್‌ಬೋನ್ ಮೇಲೆ ಕೂತಿರುವುದರಿಂದ ಆ ಮೂಲೆಯ ಭಾರವೂ ಅದೇ ಥ್ರೆಡ್ ಮೂಲಕವೇ ಚಕ್ರಕ್ಕೆ ಹೋಗುತ್ತದೆ. ಬಲಗಡೆಯದಕ್ಕೆ ಸಾಮಾನ್ಯ ಬಲ ಥ್ರೆಡ್, ಎಡಗಡೆಯದಕ್ಕೆ ಲೆಫ್ಟ್ ಥ್ರೆಡ್. ಎರಡೂ ಪಕ್ಕ ಒಂದಕ್ಕೊಂದು ಕನ್ನಡಿಯ ಬಿಂಬದಂತೆ ನಡೆಯಲಿ ಎಂದು ಹೀಗೆ ಮಾಡಿದ್ದಾರೆ.

ಗುಜರಿಯಿಂದ ‘ಒಂದು ಜೊತೆ’ ಎಂದು ತಂದದ್ದು ಎರಡೂ ಒಂದೇ ಪಕ್ಕದ್ದಾಗಿರುವುದು ಇಲ್ಲಿ ಸಾಮಾನ್ಯ. ಗುರುತಿಸುವುದು ಕಷ್ಟವೇನಲ್ಲ. ಲಿಂಕನ್ನು ಥ್ರೆಡ್ ಕೆಳಗೆ ಬರುವಂತೆ ನೆಟ್ಟಗೆ ಹಿಡಿದು ಕಣ್ಣಿನ ಎದುರಿಗೆ ತನ್ನಿ. ಥ್ರೆಡ್ಡಿನ ಗೆರೆಗಳು ಎಡದಿಂದ ಬಲಕ್ಕೆ ಏರುತ್ತಿದ್ದರೆ ಬಲ ಥ್ರೆಡ್, ಬಲದಿಂದ ಎಡಕ್ಕೆ ಏರುತ್ತಿದ್ದರೆ ಲೆಫ್ಟ್ ಥ್ರೆಡ್. ತಲೆಕೆಳಗೆ ಹಿಡಿದರೂ ಉತ್ತರ ಬದಲಾಗದು. ಟ್ರನಿಯನ್ ಒಳಗಿನ ಥ್ರೆಡ್ ಕಾಣುವುದಿಲ್ಲ. ಅದಕ್ಕೆ ಖಚಿತವಾಗಿ ಗುರುತಿಸಿದ ಲಿಂಕನ್ನೇ ಕೈಯಿಂದ ತಿರುಗಿಸಿ ನೋಡಿ. ಪಾನಾ ಮುಟ್ಟಬೇಡಿ. ತಪ್ಪು ಜೋಡಿಯನ್ನು ಬಲವಂತವಾಗಿ ತಿರುಗಿಸಿದರೆ ಮೊದಲು ಕೆಡುವುದು ಟ್ರನಿಯನ್ನಿನ ಮೆತ್ತನೆಯ ಲೋಹ. ಆಮೇಲೆ ಅದು ಸರಿಯಾದ ಜೋಡಿಗೂ ಬಾರದು.

ಪಕ್ಕ ಸರಿ ಇದ್ದರೂ ಮುಗಿಯಲಿಲ್ಲ. ಹೊಸ ಟ್ರನಿಯನ್‌ಗೆ ಸವೆದ ಹಳೆಯ ಲಿಂಕ್ ಜೋಡಿಸುವುದೂ ಹೊಂದದ ಜೋಡಿಯೇ. ಒಣಗಿಸಿ, ಎಣ್ಣೆಯಿಲ್ಲದೆ ಕೈಯಿಂದ ಪೂರ್ತಿ ತಿರುಗಿಸಿ, ನಾಲ್ಕೂ ದಿಕ್ಕಿಗೆ ಅಲುಗಿಸಿ. ಟಕಟಕ ಎನ್ನಬಾರದು. ಬಳಿಕ ಲಿಂಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಥ್ರೆಡ್ ಶುರುವಾಗುವ ಮೇಲ್ಗಡೆಯ ಕೊರಳನ್ನು ನೋಡಿ. ಈ ಲಿಂಕ್ ಮುರಿಯುವುದು ಅಲ್ಲೇ. ನೀರು ಇಳಿದು ತುಕ್ಕು ತಿಂದ ಸಣ್ಣ ಗುಳಿಯಿಂದ ಬಿರುಕು ಹುಟ್ಟುತ್ತದೆ. ಡೈ ಪೆನೆಟ್ರೆಂಟ್ ಎಂಬ ಮೂರು ಡಬ್ಬಿಯ ಸೆಟ್ ಸಿಗುತ್ತದೆ: ಕೆಂಪು ದ್ರವ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿದ್ದ ಕಡೆ ಕೂದಲೆಳೆಯಂಥ ಕೆಂಪು ಗೆರೆ ಏಳುತ್ತದೆ. ಗೆರೆ ಕಂಡ ಲಿಂಕನ್ನು ಬೆಸೆಯಲು ಹೋಗಬೇಡಿ, ಗುಜರಿಗೂ ಮರಳಿ ಕೊಡಬೇಡಿ. ಕತ್ತರಿಸಿ ಎರಡು ತುಂಡು ಮಾಡಿಬಿಡಿ.

ಜೋಡಿಸುವಾಗ ಲಿಂಕನ್ನು ತಳ ಮುಟ್ಟುವವರೆಗೆ ತಿರುಗಿಸಿ, ನಂತರ ಸುಮಾರು ಒಂದು ಸುತ್ತು ಹಿಂದಕ್ಕೆ ಬಿಡಿ. ಸ್ಟೀರಿಂಗ್ ಎರಡೂ ಕಡೆಗೆ ತಿರುಗುವಷ್ಟೂ ತಿರುಗಿ ಪೂರ್ತಿ ಲಾಕ್ ಆದಾಗ ತಳ ತಾಗಬಾರದು. ತುಂಬಬೇಕಾದದ್ದು ಇಪಿ 90 ಗೇರ್ ಎಣ್ಣೆ. ಎಣ್ಣೆ ತುಂಬುವ ಬಾಯಿ, ಅಂದರೆ ನಿಪ್ಪಲ್, ಕಂಡ ಕೂಡಲೇ ಗ್ರೀಸ್ ಗನ್ ಹಿಡಿಯುವುದು ನಮ್ಮಲ್ಲಿ ಅಭ್ಯಾಸ. ಗ್ರೀಸ್ ಥ್ರೆಡ್ಡಿನ ಮೇಲ್ಭಾಗದವರೆಗೆ ಏರದೆ ಅಲ್ಲೇ ಗಟ್ಟಿಯಾಗುತ್ತದೆ, ಮೇಲಿಂದ ನೀರು ಇಳಿಯುತ್ತದೆ, ಒಣ ಥ್ರೆಡ್ ತುಕ್ಕು ಹಿಡಿಯುತ್ತದೆ. ಮುರಿದ ಲಿಂಕ್‌ಗಳ ಹಿಂದೆ ಈ ಗ್ರೀಸ್‌ನ ಕಥೆ ಎಷ್ಟೋ ಸಲ ಇರುತ್ತದೆ.

ಹೊರದೇಶದಿಂದ ಭಾಗ ತರಿಸುವವರಿಗೆ ಇನ್ನೊಂದು ಮಾತು. ಸ್ಪಿಟ್‌ಫೈರ್, ವಿಟೆಸ್, ಜಿಟಿ6 ಕಾರುಗಳದೂ ಹೆರಾಲ್ಡ್ ಮನೆತನದ್ದೇ ಮುಂಭಾಗ. ಲೋಟಸ್‌ನವರು ಕೂಡ ಕೆಲವು ಕಾರುಗಳಿಗೆ ಟ್ರಯಂಫ್‌ನ ಇದೇ ಜಾತಿಯ ಲಿಂಕ್ ಬಳಸಿದ್ದರು. ನೋಡಲು ಅಣ್ಣತಮ್ಮಂದಿರಂತೆ ಇದ್ದರೂ ಆರು ಸಿಲಿಂಡರಿನ ಕಾರುಗಳ ಲಿಂಕ್ ಬೇರೆ, ಡ್ರಮ್ ಬ್ರೇಕಿನದು ಮತ್ತು ಡಿಸ್ಕ್ ಬ್ರೇಕಿನದರ ಜೋಡಣೆಯಲ್ಲೂ ವ್ಯತ್ಯಾಸವಿದೆ. ‘ಹೆರಾಲ್ಡ್‌ಗೆ ಆಗುತ್ತದೆ’ ಎಂಬ ಮಾರುವವನ ಮಾತು ಸಾಲದು. ನಿಮ್ಮ ಹಳೆಯ ಭಾಗದ ಮೇಲಿನ ಎರಕದ ಸಂಖ್ಯೆ, ಫೋಟೊ, ಅಳತೆ ಮೂರನ್ನೂ ಕಳಿಸಿ ಖಚಿತ ಮಾಡಿಕೊಂಡೇ ಹಣ ಕೊಡಿ.

ಇನ್ನು ಯಾವ ಕಾರಿಗಾದರೂ ಸಲ್ಲುವ ಮಾತು, ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಒಯ್ಯುವ ಟೈ ರಾಡಿನ ತುದಿಯ ಕೀಲಾದ ಟೈ ರಾಡ್ ಎಂಡ್‌ನದು. ಅದರ ಪಿನ್ ಮೇಲಕ್ಕೆ ಹೋಗುತ್ತ ಕಿರಿದಾಗುತ್ತದೆ, ಚಕ್ರದ ಕಡೆಯ ಸ್ಟೀರಿಂಗ್ ಆರ್ಮಿನ ಕಣ್ಣೂ (ತೂತೂ) ಅದೇ ಓರೆಯಲ್ಲಿ ಕೊರೆದಿರುತ್ತದೆ. ಹಿಡಿತ ಇರುವುದು ಆ ಓರೆಯ ಬಿಗಿತದಲ್ಲಿ. ಮೇಲಿನ ನಟ್ ಪಿನ್ನನ್ನು ಆ ಬಿಗಿತಕ್ಕೆ ಎಳೆದು ಕೂರಿಸಿ ಅಲ್ಲೇ ಇಡುತ್ತದೆ. ಓರೆ ಬೇರೆಯಾದರೆ ಪಿನ್ ಒಂದು ಉಂಗುರದಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ. ನಟ್ ಬಿಗಿ ಇರುತ್ತದೆ, ಕೈಗೆ ಅಲುಗಾಟ ಸಿಗುವುದಿಲ್ಲ. ಓಡುತ್ತ ಓಡುತ್ತ ಕಣ್ಣು ಮೊಟ್ಟೆಯಾಕಾರಕ್ಕೆ ಬಡಿದುಕೊಂಡು, ಕೊನೆಗೆ ಪಿನ್ ಥ್ರೆಡ್ಡಿನ ಬುಡದಲ್ಲಿ ತುಂಡಾಗುತ್ತದೆ.

ವ್ಯತ್ಯಾಸ ಎಷ್ಟು ಸಣ್ಣದು ನೋಡಿ. ಎಂಟಕ್ಕೆ ಒಂದರ ಓರೆಯಲ್ಲಿ 16 ಮಿ.ಮೀ. ಉದ್ದಕ್ಕೆ ವ್ಯಾಸ 2 ಮಿ.ಮೀ. ಇಳಿಯುತ್ತದೆ, ಹತ್ತಕ್ಕೆ ಒಂದರಲ್ಲಿ 1.6 ಮಿ.ಮೀ. ಈ 0.4 ಮಿ.ಮೀ. ಕಣ್ಣಿಗೆ ಕಾಣದು, ಅಳತೆಯ ಉಪಕರಣವಾದ ವರ್ನಿಯರ್‌ಗೆ ಕಾಣುತ್ತದೆ. ಪಿನ್ನಿನ ದಪ್ಪ ತುದಿಯ ವ್ಯಾಸದಿಂದ ಸಣ್ಣ ತುದಿಯದನ್ನು ಕಳೆದು, ನಡುವಿನ ಉದ್ದದಿಂದ ಭಾಗಿಸಿ. ಕಣ್ಣಿನ ಎರಡೂ ಬಾಯಿಯನ್ನೂ ಹಾಗೆಯೇ ಅಳೆಯಿರಿ. ಕೊನೆಯ ತೀರ್ಪು ತಾಗಿದ ಜಾಗ ತೋರಿಸುವ ನೀಲಿ ಬಣ್ಣವಾದ ಮಾರ್ಕಿಂಗ್ ಬ್ಲೂನದು. ಪಿನ್ನಿನ ಉದ್ದಕ್ಕೆ ಮೂರು ತೆಳು ಗೆರೆ ಎಳೆದು, ಒಣ ಕಣ್ಣಿಗೆ ಒತ್ತಿ ಕಾಲು ಸುತ್ತು ತಿರುಗಿಸಿ ತೆಗೆಯಿರಿ. ನೀಲಿ ಪಿನ್ನಿನ ಮುಕ್ಕಾಲು ಉದ್ದಕ್ಕಾದರೂ ಸುತ್ತಲೂ ಹರಡಿರಬೇಕು. ಮೇಲೆ ಮಾತ್ರ ಅಥವಾ ಕೆಳಗೆ ಮಾತ್ರ ಒರೆಸಿಕೊಂಡಿದ್ದರೆ ಆ ಎಂಡ್ ನಿಮ್ಮ ಕಾರಿನದಲ್ಲ.

ಬಿಚ್ಚುವ ಮೊದಲೇ ಸಿಗುವ ಸುಳಿವೂ ಒಂದಿದೆ. ಮೇಲಿನ ಅಂಚಿಗೆ ಕಿಂಡಿಗಳಿರುವ ಕೋಟೆ ನಟ್ಟಿನ ಕೆಳಗೆ ಎರಡು ವಾಷರ್ ಕಂಡರೆ ಅಲ್ಲೇ ನಿಲ್ಲಿ. ಪಿನ್ ಕಣ್ಣಿನೊಳಗೆ ಹೆಚ್ಚು ದೂರ ಹೋಗಿ, ನಟ್ ತಾನು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತನ್ನು ದಾಟಿ ಕೆಳಗೆ ಹೋದದ್ದಕ್ಕೇ ಯಾರೋ ಆ ವಾಷರ್ ಹಾಕಿದ್ದು. ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಒಳಗೇ ಮುಚ್ಚಿಹೋಗಿದ್ದರೆ ಅದು ಉಲ್ಟಾ ರೋಗ: ಪಿನ್ ಪೂರ್ತಿ ಒಳಗೆ ಹೋಗದೆ ಸಿಕ್ಕಿಕೊಂಡಿದೆ. ಆರ್ಮಿನ ಕಣ್ಣನ್ನು ರೀಮರ್ ಹಾಕಿ ದೊಡ್ಡದು ಮಾಡುವುದು, ಒಳಗೆ ತಗಡಿನ ತೋಳು ತೊಡಿಸುವುದು, ಆರ್ಮನ್ನು ಕಾಸಿ ಬಗ್ಗಿಸುವುದು, ಈ ಮೂರನ್ನೂ ನಾವು ಒಪ್ಪುವುದಿಲ್ಲ. ಆರ್ಮ್ ಹದ ಕೊಟ್ಟ ಉಕ್ಕು. ಕೆಂಪಗೆ ಕಾಸಿದ ಮೇಲೆ ಆ ಹದ ಉಳಿದಿದೆಯೋ ಇಲ್ಲವೋ ಎಂದು ಯಾವ ಲೇತ್‌ನವರೂ ಹೇಳಲಾರರು.

ಥ್ರೆಡ್ಡಿನ ಮೋಸ ಇನ್ನೂ ಸೂಕ್ಷ್ಮ. ಹೆರಾಲ್ಡ್ ಬ್ರಿಟಿಷ್ ಮೂಲದ್ದು, ಇಂಚಿನ ಲೆಕ್ಕದ ಸಣ್ಣ ಹಲ್ಲಿನ ಯುಎನ್‌ಎಫ್ ಥ್ರೆಡ್. ಪದ್ಮಿನಿ ಇಟಲಿಯ ಫಿಯಾಟ್ ಮೂಲದ್ದು, ಮೆಟ್ರಿಕ್. ಮಾರುತಿ ಬಂದ ಮೇಲೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದೂ ಮೆಟ್ರಿಕ್ಕೇ. ಅರ್ಧ ಇಂಚಿನ ಯುಎನ್‌ಎಫ್‌ಗೆ ಇಂಚಿಗೆ 20 ಥ್ರೆಡ್, ಅಂದರೆ ಪಿಚ್ (ಒಂದು ಹಲ್ಲಿನಿಂದ ಮುಂದಿನದಕ್ಕೆ ದೂರ) 1.27 ಮಿ.ಮೀ. ಮೆಟ್ರಿಕ್ ಎಂ12ರ ಒಂದು ಬಗೆಯ ಪಿಚ್ 1.25. ಪಿಚ್ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎಂ12ರ ಟೈ ರಾಡ್ ಅರ್ಧ ಇಂಚಿನ ಎಂಡ್‌ಗೆ ಬೆಣ್ಣೆಯಂತೆ ತಿರುಗಿ ಹೋಗುತ್ತದೆ, ಲಾಕ್ ನಟ್ಟೂ ಬಿಗಿಯುತ್ತದೆ. ಆದರೆ ಅರ್ಧ ಇಂಚು ಎಂದರೆ 12.7 ಮಿ.ಮೀ., ಎಂ12 ಎಂದರೆ 12. ಥ್ರೆಡ್ಡಿನ ಹಲ್ಲುಗಳು ಒಂದನ್ನೊಂದು ಹಿಡಿಯುವ ಆಳ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. 7/16 ಇಂಚಿನ ರಾಡನ್ನು ಎಂ12ರ ಎಂಡ್‌ಗೆ ಹಾಕಿದರೆ ಮೂರನೇ ಒಂದು ಭಾಗ ಉಳಿದರೆ ಹೆಚ್ಚು. ‘ಕೈಯಲ್ಲೇ ಎಷ್ಟು ಸಲೀಸಾಗಿ ಹೋಯಿತು’ ಎಂದು ಖುಷಿಪಡುವ ಜಾಗ ಇದಲ್ಲ. ಲಾಕ್ ನಟ್ ತೆಗೆದು, ಎಂಡ್‌ಅನ್ನು ಏಳೆಂಟು ಸುತ್ತು ಹಾಕಿ, ಅಡ್ಡಕ್ಕೆ ಅಲುಗಿಸಿ ನೋಡಿ. ಸ್ಪಷ್ಟ ಆಟ ಸಿಕ್ಕರೆ ವರ್ನಿಯರ್ ಮತ್ತು ಪಿಚ್ ಗೇಜ್ ಎರಡನ್ನೂ ಹಿಡಿಯಿರಿ. ಪಿಚ್ ಗೇಜ್ ಒಂದೇ ಇದ್ದರೆ 1.25ಕ್ಕೂ 1.27ಕ್ಕೂ ಭೇದ ತಿಳಿಯದು, ವ್ಯಾಸವೇ ಹೇಳಬೇಕು. ರಾಡ್ ಎಂಡಿನ ಒಳಗೆ ಕಡಿಮೆಯೆಂದರೂ ತನ್ನ ವ್ಯಾಸದಷ್ಟು ಉದ್ದ ಹೋಗಿರಲಿ, ಇನ್ನೂ ಹೆಚ್ಚಿದ್ದರೆ ಒಳ್ಳೆಯದು.

ಸ್ಟೀರಿಂಗ್ ಕಾಲಮ್, ಅದರ ತುದಿಯ ಹಲ್ಲುಗಾಲಿಯಾದ ಪಿನಿಯನ್ ಇವೆರಡೂ ಸೇರುವ ಉದ್ದ ಹಲ್ಲುಗಳಾದ ಸ್ಪ್ಲೈನ್‌ಗಳನ್ನು ಎಣಿಸದೆ ಬಿಡಬಾರದು. ಕಾಗದದ ಪಟ್ಟಿಯನ್ನು ಶಾಫ್ಟಿಗೆ ಸುತ್ತಿ ಪೆನ್ಸಿಲ್ಲಿನಿಂದ ಉಜ್ಜಿದರೆ ಹಲ್ಲುಗಳ ಅಚ್ಚು ಬೀಳುತ್ತದೆ. ಬಿಡಿಸಿ ಎಣಿಸಿ. ಒಂದೆರಡು ಹಲ್ಲು ಹೆಚ್ಚುಕಡಿಮೆ ಇದ್ದರೂ ಸೀಳಿರುವ ಕ್ಲ್ಯಾಂಪನ್ನು ಅರಳಿಸಿ ತೂರಿಸಿ ಬಿಗಿಯುವವರಿದ್ದಾರೆ. ಶಾಫ್ಟಿನಲ್ಲಿ ಕ್ಲ್ಯಾಂಪ್ ಬೋಲ್ಟಿಗಾಗಿ ತೋಡು ಕೊರೆದಿದ್ದರೆ ಬೋಲ್ಟ್ ಅದರೊಳಗೆ ಹಾಯಲೇಬೇಕು. ಬೋಲ್ಟ್ ತೆಗೆದು ಕಿಂಡಿಯಿಂದ ಬೆಳಕು ಬಿಟ್ಟು ನೋಡಿ. ತೋಡಿನ ಬದಲು ಹಲ್ಲುಗಳೇ ಕಂಡರೆ ಶಾಫ್ಟ್ ಗಿಡ್ಡ ಅಥವಾ ಬೇರೆಯದು.

ಪಿನಿಯನ್ ಎಡಬಲಕ್ಕೆ ಸರಿಸುವ ಹಲ್ಲಿನ ಸಲಾಕೆಯಾದ ರ್ಯಾಕ್ ಬದಲಾಗಿದೆಯೇ ಎಂದು ತಿಳಿಯಲು ಕಾರನ್ನು ಜಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಮೊದಲ ಪರೀಕ್ಷೆ ಮಕ್ಕಳಾಟದಂತೆ ಕಾಣಬಹುದು: ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೇ ಹೋಗುತ್ತದೆಯೇ? ಎಡ ಸ್ಟೀರಿಂಗ್ ಕಾರಿನ ರ್ಯಾಕನ್ನು ಮಗುಚಿ ಬಲಗಡೆಗೆ ಕೂರಿಸಿದರೆ ರ್ಯಾಕಿನ ಮೇಲಿದ್ದ ಪಿನಿಯನ್ ಕೆಳಗೆ ಬರುತ್ತದೆ, ಚಕ್ರ ಉಲ್ಟಾ ತಿರುಗುತ್ತದೆ. ನಂತರ ನೇರ ಸ್ಥಿತಿಯಿಂದ ಎಡಕ್ಕೆ ಎಷ್ಟು ಸುತ್ತು, ಬಲಕ್ಕೆ ಎಷ್ಟು ಸುತ್ತು ಎಣಿಸಿ. ಎರಡೂ ಸಮ ಇರಬೇಕು, ಎರಡು ಕಡೆಯ ಟೈ ರಾಡಿನಲ್ಲಿ ಹೊರಗೆ ಕಾಣುವ ಥ್ರೆಡ್ ಕೂಡ ಸರಿಸುಮಾರು ಸಮ ಇರಬೇಕು. ಪೂರ್ತಿ ಲಾಕ್‌ನಲ್ಲಿ ಟೈರ್ ಚಾಸಿಗೆ ತಾಗಬಾರದು, ಬ್ರೇಕ್ ಹೋಸ್ ಸೆಟೆಯಬಾರದು. ಇದನ್ನು ಚಕ್ರ ನೇತಾಡುವಾಗಲೂ ನೋಡಿ.

ಮುಖ್ಯ ಪರೀಕ್ಷೆ ಮುಂದಿನದು. ರ್ಯಾಕಿನ ಎರಡೂ ತುದಿಯ ಒಳಗಿನ ಕೀಲುಗಳ ನಡುವಿನ ದೂರ ಸಸ್ಪೆನ್ಷನ್ನಿನ ತೂಗುವ ಬಿಂದುಗಳಿಗೆ ತಕ್ಕಂತೆ ಇರುತ್ತದೆ. ಬೇರೆ ಉದ್ದದ ರ್ಯಾಕ್ ಕೂರಿಸಿ ಟೈ ರಾಡಿನಲ್ಲಿ ಸರಿದೂಗಿಸಿದರೆ ನಿಂತ ಕಾರಿನ ಅಲೈನ್‌ಮೆಂಟ್ ಬರಾಬರಿ ಬರುತ್ತದೆ, ಕಂಪ್ಯೂಟರ್ ಹಸಿರು ತೋರಿಸುತ್ತದೆ. ಓಡುವಾಗ ಪ್ರತಿ ಉಬ್ಬಿಗೂ ಚಕ್ರ ತಾನಾಗಿ ತಿರುಗುತ್ತದೆ. ಕಂಡುಹಿಡಿಯಲು ಸ್ಪ್ರಿಂಗ್ ಮತ್ತು ಶಾಕ್ ತೆಗೆದಿಟ್ಟು, ಸ್ಟೀರಿಂಗ್ ನೇರಕ್ಕೆ ಕಟ್ಟಿ, ಹಬ್ಬಿಗೆ ನೇರ ಪಟ್ಟಿಯೊಂದನ್ನು ಬಿಗಿಯಿರಿ. ಕೆಳಗಿನಿಂದ ಜಾಕ್ ಕೊಟ್ಟು ಪೂರ್ತಿ ಇಳಿದ ಸ್ಥಿತಿಯಿಂದ ಪೂರ್ತಿ ಏರುವವರೆಗೆ 25 ಮಿ.ಮೀ.ಗೊಮ್ಮೆ ನಿಲ್ಲಿಸಿ, ಪಟ್ಟಿಯ ಮುಂದಿನ ಮತ್ತು ಹಿಂದಿನ ತುದಿ ಕಾರಿನ ನಡುಗೆರೆಯಿಂದ ಎಷ್ಟು ದೂರ ಎಂದು ಬರೆದುಕೊಳ್ಳಿ. ಸಣ್ಣ ಬದಲಾವಣೆ ಸಹಜ. ಎರಡೂ ಪಕ್ಕ ಒಂದೇ ರೀತಿ ಹೆಚ್ಚು ಬದಲಾದರೆ ರ್ಯಾಕಿನ ಉದ್ದ ಅಥವಾ ಎತ್ತರ ತಪ್ಪು. ಒಂದು ಪಕ್ಕ ಒಳಕ್ಕೆ, ಇನ್ನೊಂದು ಹೊರಕ್ಕೆ ಹೋದರೆ ರ್ಯಾಕ್ ವಾಲಿ ಕೂತಿದೆ, ಅದು ಕೂರುವ ಕೆಳಗಿನ ಆಧಾರಗಳಲ್ಲಿ ಒಂದು ಬೇರೆ ಎತ್ತರದ್ದು. ಅರ್ಧ ದಿನದ ಕೆಲಸ ಇದು. ‘ಕಾರು ಹಳೇದು, ಸ್ವಲ್ಪ ಎಳೆಯುತ್ತದೆ’ ಎಂಬ ಮಾತಿನ ಹಿಂದೆ ಇರುವುದು ಬಹಳ ಸಲ ಇದೇ ದೋಷ.

ಪ್ರೀಮಿಯರ್ ಪದ್ಮಿನಿಯಲ್ಲಿ ರ್ಯಾಕ್ ಇಲ್ಲ, ಸ್ಟೀರಿಂಗ್ ಬಾಕ್ಸ್ ಇದೆ. ಬಾಕ್ಸಿನಿಂದ ಡ್ರಾಪ್ ಆರ್ಮ್, ಎದುರು ಪಕ್ಕಕ್ಕೆ ಐಡ್ಲರ್ ಆರ್ಮ್, ನಡುವೆ ಉದ್ದದ ರಾಡ್. ಇಲ್ಲಿ ಎರಡು ಆರ್ಮ್‌ಗಳ ಕಣ್ಣಿನಿಂದ ಕಣ್ಣಿಗೆ ಉದ್ದ ಒಂದೇ ಇರಬೇಕು, ನೇರ ಸ್ಥಿತಿಯಲ್ಲಿ ಎರಡೂ ಸಮಾಂತರ ನಿಲ್ಲಬೇಕು. ಒಂದು ಬದಲಾಗಿದ್ದರೆ ಎಡ ತಿರುವಿಗೂ ಬಲ ತಿರುವಿಗೂ ವ್ಯತ್ಯಾಸ ಬರುತ್ತದೆ, ಟೈರಿನ ಅಂಚು ಸವೆಯುತ್ತದೆ. ಇನ್ನೊಂದು, ಇಂಥ ಬಾಕ್ಸಿನ ಒಳಗಿನ ಆಟ ನಟ್ಟನಡುವೆ ಅತಿ ಕಡಿಮೆ ಇರುವಂತೆ ಮಾಡಿರುತ್ತಾರೆ. ಸ್ಟೀರಿಂಗ್ ಚಕ್ರದ ಅಡ್ಡಕಡ್ಡಿ ಸೊಟ್ಟ ನಿಂತಿತೆಂದು ಟೈ ರಾಡ್ ಮುಟ್ಟದೆ ಚಕ್ರವನ್ನೇ ಕಿತ್ತು ಸ್ಪ್ಲೈನ್ ದಾಟಿಸಿ ಹಾಕಿದರೆ ನೋಡಲು ನೇರವಾಗುತ್ತದೆ, ಬಾಕ್ಸಿನ ನಡು ಮಾತ್ರ ಪಕ್ಕಕ್ಕೆ ಉಳಿಯುತ್ತದೆ. ಆಗ ನೇರ ರಸ್ತೆಯಲ್ಲೇ ಆಟ ಜಾಸ್ತಿ. ಮೇಸ್ತ್ರಿ ಅಡ್ಜಸ್ಟಿಂಗ್ ಸ್ಕ್ರೂ ಬಿಗಿಯುತ್ತಾರೆ, ತಿರುವಿನಲ್ಲಿ ಸ್ಟೀರಿಂಗ್ ಹಿಡಿದುಕೊಂಡು ತಾನಾಗಿ ಹಿಂದಕ್ಕೆ ಬರುವುದನ್ನು ಬಿಡುತ್ತದೆ. ಡ್ರಾಪ್ ಆರ್ಮ್ ಬಿಡಿಸಿ, ಒಂದು ಲಾಕಿನಿಂದ ಇನ್ನೊಂದಕ್ಕೆ ಸುತ್ತು ಎಣಿಸಿ, ಅರ್ಧಕ್ಕೆ ತಂದು, ಅಲ್ಲಿ ಎಲ್ಲವೂ ನೇರ ನಿಲ್ಲುವಂತೆ ಟೈ ರಾಡಿನಿಂದ ಹೊಂದಿಸುವುದೇ ಸರಿಯಾದ ದಾರಿ.

ಅಂಬಾಸಡರ್ 2014ರವರೆಗೂ ಹೆಚ್ಚುಕಡಿಮೆ ಒಂದೇ ಮುಖ ಹೊತ್ತು ಬಂದದ್ದರಿಂದ ಎಲ್ಲ ವರ್ಷದ ಭಾಗವೂ ಒಂದೇ ಎಂಬ ನಂಬಿಕೆ ಇದೆ. ಪವರ್ ಸ್ಟೀರಿಂಗ್, ಡಿಸ್ಕ್ ಬ್ರೇಕ್ ಬಂದ ಮೇಲಿನ ಭಾಗಗಳನ್ನು ಹಳೆಯ ಮಾರ್ಕ್ 2 ಮಾದರಿಗೆ ತರುವಾಗ ಮೇಲೆ ಹೇಳಿದ ಅಳತೆಗಳೆಲ್ಲ ಬೇಕು. ಜೀಪಿನ ಟೈ ರಾಡ್‌ಗೆ ಒಂದು ತುದಿ ಬಲ, ಇನ್ನೊಂದು ತುದಿ ಲೆಫ್ಟ್ ಥ್ರೆಡ್. ಕೊಳವೆ ತಿರುಗಿಸಿದರೆ ಉದ್ದ ಬದಲಾಗದಿದ್ದರೆ ಯಾರೋ ಎರಡೂ ಕಡೆ ಒಂದೇ ಥ್ರೆಡ್ ಮಾಡಿಸಿದ್ದಾರೆ ಎಂದೇ ಅರ್ಥ.

ಕೊನೆಗೆ ನಮ್ಮ ಮನವಿ. ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರದ ನೋಂದಣಿ ಕೊಡುವ ಕೇಂದ್ರ ನಿಯಮ 2021ರಲ್ಲಿ ಬಂತು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿ ಇರಬೇಕೆಂಬ ಮಾತು ಅದರಲ್ಲಿದೆ. ಈ ತಪಾಸಣೆ ಮಾಡುವವರೂ ರ್ಯಾಲಿ ನಡೆಸುವ ಸಂಘಗಳೂ ಪ್ರತಿ ಕಾರಿಗೆ ಹತ್ತು ನಿಮಿಷ ಸ್ಟೀರಿಂಗ್‌ಗೆ ಕೊಡಲಿ. ಒಬ್ಬರು ಸ್ಟೀರಿಂಗ್ ಚಕ್ರವನ್ನು ಎಡಬಲಕ್ಕೆ ಸಣ್ಣಗೆ ಅಲುಗಿಸುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಕೀಲಿನ ಮೇಲೆ ಬೆರಳಿಟ್ಟು ನೋಡಲಿ: ಎಲ್ಲ ನಟ್ಟಿಗೂ ಸ್ಪ್ಲಿಟ್ ಪಿನ್ ಇದೆಯೇ, ಕೆಳಗೆ ಹೆಚ್ಚುವರಿ ವಾಷರ್ ಇದೆಯೇ, ಆರ್ಮಿನ ಮೇಲೆ ಕಾಸಿದ ನೀಲಿ ಛಾಯೆ ಅಥವಾ ವೆಲ್ಡಿಂಗ್ ಗುರುತು ಇದೆಯೇ, ಎರಡು ಪಕ್ಕದ ಟೈ ರಾಡ್ ಎಂಡ್ ಒಂದೇ ಬಗೆಯವೇ. ಇವುಗಳಲ್ಲಿ ಒಂದು ತಪ್ಪಿದರೂ ಆ ಕಾರು ಅಂದು ಮೈದಾನದಲ್ಲಿ ನಿಂತು ಜನರಿಗೆ ಕಾಣಲಿ, ರಸ್ತೆಗೆ ಇಳಿಯುವುದು ಬೇಡ.

ಇತಿ,
ಹಳೆಯ ಕಾರುಗಳ ಕೆಲಸದಲ್ಲಿರುವ ಕೆಲವರು
ಬೆಂಗಳೂರು